ಹೊಸ ಮನೆಗೆ ಹತ್ತು ಸಾವಿರ ಡಾಲರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರಿಗೆ, ಕಟ್ಟಿ ಮುಗಿದ ಮನೆಗಳು ಕೊಳ್ಳುವವರಿಲ್ಲದೆ ಸಾಲುಸಾಲಾಗಿ ಬೀಗ ಹಾಕಿಸಿಕೊಂಡು ನಿಲ್ಲುವ ಕಾಲವೂ ಬಂದೀತೆಂಬ ಕಲ್ಪನೆ ಇದ್ದಿರಲಾರದು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನಕ್ಕೆ 2008ರ ಸುಮಾರಿನಲ್ಲಿ ಅಂಥ ಕಾಲವೇ ಬಂದೊದಗಿತು. ಸಾಲ ಸುಲಭವಾಗಿ ದೊರೆಯುತ್ತಿದ್ದ ವರ್ಷಗಳಲ್ಲಿ ಸ್ಟಾಕ್‌ಟನ್, ಮೊಡೆಸ್ಟೊ, ಮರ್ಸೆಡ್ ಮೊದಲಾದ ಊರುಗಳ ಸುತ್ತ ಹೊಸ ಬಡಾವಣೆಗಳು ತಲೆಯೆತ್ತಿದ್ದವು. ಅನಂತರ ಬೆಲೆ ಕುಸಿಯಿತು. ಕಂತು ಕಟ್ಟಲಾರದವರ ಮನೆಗಳು ಸಾಲ ಕೊಟ್ಟವರ ವಶವಾಗಿ ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಅವುಗಳ ಎದುರಿಗೆ ಹೊಸ ಮನೆಯನ್ನು ಕೇಳುವವರು ವಿರಳವಾದರು. ಹೊಸ ಮನೆ ಮಾರಾಟವಾಗದಿದ್ದರೆ ಕಷ್ಟ ಕಟ್ಟಿಸಿದ ಧನಿಕನೊಬ್ಬನದೇ ಅಲ್ಲ. ಗಾರೆಯವನು, ಬಡಗಿ, ನಲ್ಲಿ ಕೂಡಿಸುವವನು, ಎಲ್ಲರ ಕೂಲಿಯೂ ನಿಲ್ಲುತ್ತದೆ.

ಈ ಸಂಕಟಕ್ಕೆ ಪರಿಹಾರವಾಗಿ 2009ರ ಫೆಬ್ರವರಿಯಲ್ಲಿ ಸಂಸ್ಥಾನದ ಶಾಸನಸಭೆಯು ಒಂದು ಯೋಜನೆಯನ್ನು ಅಂಗೀಕರಿಸಿತು. ಗವರ್ನರ್ ಅರ್ನಾಲ್ಡ್ ಶ್ವಾರ್ಜನೆಗರ್ ಅದಕ್ಕೆ ಅಂಕಿತ ಹಾಕಿದರು. ಅಲ್ಲಿಯವರೆಗೆ ಯಾರೂ ವಾಸಿಸದ ಹೊಸ ಮನೆಯನ್ನು ಆ ವರ್ಷದ ಮಾರ್ಚ್ 1ರಿಂದ ಒಂದು ವರ್ಷದೊಳಗೆ ಕೊಂಡವರಿಗೆ, ಕ್ರಯದ ನೂರಕ್ಕೆ 5ರಷ್ಟು ಅಥವಾ 10,000 ಡಾಲರು, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟನ್ನು ಸಂಸ್ಥಾನದ ವರಮಾನ ತೆರಿಗೆಯಲ್ಲಿ ಬಿಟ್ಟುಕೊಡುವುದೆಂದು ಗೊತ್ತಾಯಿತು. ಕೊಳ್ಳುವವರ ವರಮಾನಕ್ಕೆ ಮಿತಿಯಿಲ್ಲ. ಅದು ಅವರ ಮೊದಲನೆಯ ಮನೆಯೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. ಇದಕ್ಕಾಗಿ ತೆಗೆದಿಟ್ಟ ನಿಧಿ 10 ಕೋಟಿ ಡಾಲರು. ಕೇಳುವವರಿಗೆ ಇದಕ್ಕಿಂತ ಸರಳವಾದುದು ಯಾವುದಿದ್ದೀತು? ಆದರೆ ಸರ್ಕಾರದ ಔದಾರ್ಯವನ್ನು ಅಳೆಯಬೇಕಾದರೆ ಅದರ ನಿಯಮಗಳನ್ನು ಕೊನೆಯವರೆಗೂ ಓದಬೇಕು.

ಮೊದಲನೆಯ ಕಟ್ಟಲೆ ಕಾಗದಪತ್ರದ್ದು. ಮನೆಯಲ್ಲಿ ಈವರೆಗೆ ಯಾರೂ ವಾಸವಾಗಿಲ್ಲವೆಂದು ಮಾರುವವನು ನಿಗದಿಯಾದ ಫಾರಂನಲ್ಲಿ ದೃಢಪಡಿಸಬೇಕು. ಕ್ರಯದ ವ್ಯವಹಾರ ಮುಗಿದ ಒಂದು ವಾರದೊಳಗಾಗಿ ಆ ಫಾರಂ ಫ್ಯಾಕ್ಸ್ ಮೂಲಕ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ಎಂಬ ಸಂಸ್ಥಾನದ ತೆರಿಗೆ ಇಲಾಖೆಯನ್ನು ಮುಟ್ಟಬೇಕು. ಹಂಚಿಕೆಯೆಲ್ಲ ಮೊದಲು ಬಂದವರಿಗೆ ಮೊದಲು. ಎರಡನೆಯದು ವಾಸದ್ದು. ಕೊಂಡವರು ಆ ಮನೆಯಲ್ಲಿ ಎರಡು ವರ್ಷವಾದರೂ ಸ್ವತಃ ನೆಲೆಸಬೇಕು. ತಪ್ಪಿದರೆ ಪಡೆದ ರಿಯಾಯಿತಿಯನ್ನು ಹಿಂದಿರುಗಿಸಬೇಕು. ಬಾಡಿಗೆಗೆ ಕೊಡಲೆಂದು ಕೊಂಡವರಿಗೆ ಇಲ್ಲಿ ಎಡೆಯಿರಲಿಲ್ಲ.

ಮೂರನೆಯ ಕಟ್ಟಲೆಯೇ ಅತ್ಯಂತ ಸೂಕ್ಷ್ಮವಾದುದು. ಈ ಮೊತ್ತ ಕೈಗೆ ಬರುವ ಹಣವಲ್ಲ, ಕೊಡಬೇಕಾದ ತೆರಿಗೆಯಲ್ಲಿ ಆಗುವ ಕಡಿತ. ಅದೂ ಒಮ್ಮೆಗೇ ಅಲ್ಲ, ಮೂರು ವರ್ಷಗಳಲ್ಲಿ ಸಮಭಾಗವಾಗಿ. ಒಂದು ವರ್ಷದ ಭಾಗಕ್ಕಿಂತ ಆ ವರ್ಷದ ತೆರಿಗೆ ಕಡಮೆಯಿದ್ದರೆ ಮಿಕ್ಕದ್ದು ಮರಳಿ ಬರುವುದಿಲ್ಲ, ಮುಂದಿನ ವರ್ಷಕ್ಕೂ ಸಾಗುವುದಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಎರಡು ಸಂಸಾರಗಳು ಒಂದೇ ಬೀದಿಯಲ್ಲಿ ತಲಾ 3,00,000 ಡಾಲರಿಗೆ ಹೊಸ ಮನೆ ಕೊಂಡವೆಂದು ಭಾವಿಸಿರಿ. ನೂರಕ್ಕೆ 5ರಂತೆ 15,000 ಆದರೂ ಮಿತಿಯ ದೆಸೆಯಿಂದ ಇಬ್ಬರಿಗೂ ದಕ್ಕುವುದು 10,000. ಎಂದರೆ ವರ್ಷಕ್ಕೆ 3,333. ಮೊದಲನೆಯ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಸಂಪಾದಿಸುತ್ತಾರೆ. ಸಂಸ್ಥಾನಕ್ಕೆ ಕಟ್ಟಬೇಕಾದ ತೆರಿಗೆ ವರ್ಷಕ್ಕೆ 5,000. ಅವರಿಗೆ ರಿಯಾಯಿತಿ ಪೂರ್ಣವಾಗಿ ಸಲ್ಲುತ್ತದೆ. ಎರಡನೆಯ ಮನೆಯಲ್ಲಿ ದುಡಿಯುವ ಕೈ ಒಂದೇ, ಮಕ್ಕಳು ಮೂವರು, ತೆರಿಗೆ 900. ಅವರಿಗೆ ಸಿಕ್ಕುವುದು ವರ್ಷಕ್ಕೆ ಆ 900 ಮಾತ್ರ. ಮೂರು ವರ್ಷ ಕೂಡಿದರೂ 2,700. ಮನೆ ಒಂದೇ, ಬೆಲೆ ಒಂದೇ, ನೆರವು ಮಾತ್ರ ಬೇರೆ. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಕಡಮೆ! ಅದೇ 2009ರಲ್ಲಿ ಕೇಂದ್ರ ಸರ್ಕಾರವು ಮೊದಲ ಮನೆ ಕೊಳ್ಳುವವರಿಗೆ ಕೊಟ್ಟ 8,000 ಡಾಲರುಗಳವರೆಗಿನ ರಿಯಾಯಿತಿಯಲ್ಲಿ ಈ ಕೊರತೆ ಇರಲಿಲ್ಲ. ತೆರಿಗೆಯನ್ನು ಮೀರಿದ ಹಣ ಅರ್ಜಿದಾರರ ಕೈಗೇ ಬರುತ್ತಿತ್ತು.

ಇಷ್ಟಾದರೂ ಅರ್ಜಿಗಳಿಗೆ ಕೊರತೆಯಾಗಲಿಲ್ಲ. ಒಂದು ವರ್ಷಕ್ಕೆಂದು ಇಟ್ಟ ನಿಧಿಗೆ ನಾಲ್ಕೇ ತಿಂಗಳಲ್ಲಿ ಸಾಕಾಗುವಷ್ಟು ಅರ್ಜಿಗಳು ಬಂದು, 2009ರ ಜುಲೈ 2ರಂದು ಸ್ವೀಕಾರವೇ ನಿಂತಿತು. ಸ್ಯಾನ್ ಹೋಸೆ, ಫ್ರೀಮಾಂಟ್ ಮೊದಲಾದ ಕಡೆ ಕನ್ನಡ ಕುಟುಂಬಗಳು ಅನೇಕವಿವೆ. ಆ ವರ್ಷ ಆಷಾಢವು ಜೂನ್ 23ರಂದೇ ಮೊದಲಾಗಿತ್ತು. ‘ಆಷಾಢದಲ್ಲಿ ಹೊಸ ಮನೆಯೇ? ಶ್ರಾವಣ ಬರಲಿ’ ಎಂದು ಅಜ್ಜಿಯ ಮಾತಿಗೆ ಮಣಿದು ಯಾರಾದರೂ ಕ್ರಯವನ್ನೇ ಮುಂದೂಡಿದ್ದರೆ, ಪಂಚಾಂಗದ ಮುಹೂರ್ತ ಅವರಿಗೆ ದೊರೆತೀತು. ತೆರಿಗೆ ಇಲಾಖೆಯ ಮುಹೂರ್ತ ಮೀರಿಹೋಗಿತ್ತು.

ಮರುವರ್ಷ, 2010ರಲ್ಲಿ, ಶಾಸನಸಭೆ ಯೋಜನೆಯನ್ನು ಪುನಃ ತಂದಿತು. ಹೊಸ ಮನೆಗಳಿಗೆ 10 ಕೋಟಿ, ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ಮತ್ತೊಂದು 10 ಕೋಟಿ. ಈ ಸಲದ ಶಾಸನದಲ್ಲಿ ಒಂದು ವಿಚಿತ್ರವಾದ ಲೆಕ್ಕವಿತ್ತು. ಹೊಸ ಮನೆಗೆಂದು ಹಂಚಿದ ಪ್ರತಿ 100 ಡಾಲರಿಗೂ ನಿಧಿಯಿಂದ 70 ಮಾತ್ರ ಖರ್ಚು ಬರೆಯಬೇಕು. ಮೊದಲ ಬಾರಿಯವರ ವಿಷಯದಲ್ಲಿ 57 ಮಾತ್ರ. ಇದರ ಅರ್ಥವೇನು? ಮಂಜೂರಾದ ಹಣದಲ್ಲಿ ಸಾಕಷ್ಟು ಭಾಗ ಜನರಿಗೆ ದಕ್ಕಲಾರದು, ದಕ್ಕಿಸಿಕೊಳ್ಳುವಷ್ಟು ತೆರಿಗೆಯೇ ಅವರಿಗಿರದು ಎಂಬುದನ್ನು ಶಾಸನ ಮಾಡಿದವರೇ ಮೊದಲು ಎಣಿಸಿದ್ದರು. ಮೊದಲ ಮನೆ ಕೊಳ್ಳುವವರ ಪಾಲಿಗೆ ಆ ನಷ್ಟದ ಅಂದಾಜು ಇನ್ನೂ ಹೆಚ್ಚು.

ಇದರಿಂದ ಯೋಜನೆ ನಿಷ್ಫಲವೆನ್ನಲಾಗದು. ಸಕಾಲದಲ್ಲಿ ಕಾಗದ ಕಳುಹಿಸಿ, ಮನೆಯಲ್ಲಿ ನೆಲೆನಿಂತು, ಸಾಕಷ್ಟು ತೆರಿಗೆ ಕಟ್ಟುತ್ತಿದ್ದವರಿಗೆ ಹತ್ತು ಸಾವಿರವೂ ಸಂದಿತು. ಆದರೆ ಮನೆಯ ಸಾಲಕ್ಕೆ ರುಜು ಹಾಕಲು ಹೊರಟ ಗೃಹಸ್ಥನು ‘ಸರ್ಕಾರ ಎಷ್ಟು ಕೊಡುತ್ತದೆ?’ ಎಂದು ಕೇಳುವುದಕ್ಕೆ ಮುಂಚೆ, ‘ನಾವು ಕಟ್ಟುವ ತೆರಿಗೆ ಎಷ್ಟು?’ ಎಂದು ಮನೆಯವರೊಡನೆ ಕುಳಿತು ಲೆಕ್ಕ ಹಾಕಬೇಕಾಗಿತ್ತು. ರಿಯಾಯಿತಿ ಎಷ್ಟೇ ಬಂದರೂ ಅದರ ಆಯುಸ್ಸು ಮೂರು ವರ್ಷ; ಸಾಲದ ಆಯುಸ್ಸು ಬಹುಪಾಲು ಮೂವತ್ತು.