ಹುಣಸೂರಿನ ಹೊಗೆಸೊಪ್ಪಿನಿಂದ ಕಡಲ ಪಾಚಿಯವರೆಗೆ: ಗೋಡೆ ಕಳಚಿದ ಜೀವಕೋಶ

ಮೈಸೂರು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಎಂದರೆ ಬ್ಯಾರನ್, ಬೇಲ್ ಮತ್ತು ಹರಾಜು ಮಾರುಕಟ್ಟೆಯ ದರ. ಜೀವವಿಜ್ಞಾನಿಗಳಿಗೆ ಇದೇ ಸಸ್ಯ ಒಂದು ಮಹತ್ವದ ಪ್ರಯೋಗದ ಮೂಲದ್ರವ್ಯ. ಕೋಶಭಿತ್ತಿ ಕಳಚಿದ ಒಂಟಿ ಜೀವಕೋಶದಿಂದ ಇಡೀ ಗಿಡವನ್ನು ಬೆಳೆಸಬಹುದೆಂಬುದು ಮೊದಲು ಸಾಬೀತಾದದ್ದು ಹೊಗೆಸೊಪ್ಪಿನಲ್ಲೇ. ಹಸಿರು ಕಡಲ ಪಾಚಿಯ ಕೃಷಿಗೂ ಇಂದು ಅದೇ ತಂತ್ರ ಬಳಕೆಯಾಗುತ್ತಿದೆ.

ಪ್ರೋಟೋಪ್ಲಾಸ್ಟ್ ಎಂದರೇನು?

ಸಸ್ಯದ ಪ್ರತಿ ಜೀವಕೋಶದ ಸುತ್ತ ಸೆಲ್ಯುಲೋಸ್‌ನ ಗಟ್ಟಿ ಗೋಡೆಯಿರುತ್ತದೆ. ಕೋಶಗಳನ್ನು ಒಂದಕ್ಕೊಂದು ಅಂಟಿಸುವುದು ಪೆಕ್ಟಿನ್. ಇವೆರಡನ್ನೂ ಕರಗಿಸಿದಾಗ ತೆಳುಪೊರೆಯೊಳಗೆ ಉಳಿಯುವ ಜೀವಂತ ಗೋಳವೇ ಪ್ರೋಟೋಪ್ಲಾಸ್ಟ್.

1960ರಲ್ಲಿ ಬ್ರಿಟನ್ನಿನ ಇ.ಸಿ. ಕಾಕಿಂಗ್ ಅವರು ಶಿಲೀಂಧ್ರದ ಕಿಣ್ವದಿಂದ ಟೊಮೆಟೊ ಬೇರಿನ ಕೋಶಭಿತ್ತಿಯನ್ನು ಕರಗಿಸಿ ತೋರಿಸಿದರು. 1971ರಲ್ಲಿ ಜಪಾನಿನ ಇತಾರು ತಕೆಬೆ, ಜರ್ಮನಿಯ ಜಿ. ಮೆಲ್ಚರ್ಸ್ ಮತ್ತು ಸಂಗಡಿಗರು ಹೊಗೆಸೊಪ್ಪಿನ ಪ್ರೋಟೋಪ್ಲಾಸ್ಟ್‌ಗಳಿಂದ ಪೂರ್ಣ ಸಸ್ಯಗಳನ್ನು ಪಡೆದರು. ರೈತರನ್ನು ಕಾಡುವ ಮೊಸಾಯಿಕ್ ನಂಜುರೋಗದ ವೈರಾಣು ಕೋಶದೊಳಗೆ ಹೇಗೆ ವೃದ್ಧಿಯಾಗುತ್ತದೆ ಎಂಬುದರ ಅಧ್ಯಯನಕ್ಕೂ ಈ ಗೋಳಗಳೇ ನೆರವಾದವು.

ಬೇರ್ಪಡಿಸುವ ಬಗೆ

ಎಳೆಯ ಎಲೆಯನ್ನು ಸೋಂಕುರಹಿತಗೊಳಿಸಿ, ಅಡಿಭಾಗದ ತೆಳುಪದರವನ್ನು ಸುಲಿದು, ಸೆಲ್ಯುಲೇಸ್ ಮತ್ತು ಪೆಕ್ಟಿನೇಸ್ ಕಿಣ್ವಗಳ ದ್ರಾವಣದಲ್ಲಿ ಕೆಲವು ಗಂಟೆ ಇಡಲಾಗುತ್ತದೆ. ದ್ರಾವಣಕ್ಕೆ ಮ್ಯಾನಿಟಾಲ್ ಎಂಬ ಸಕ್ಕರೆ ಮದ್ಯಸಾರವನ್ನು ಸೇರಿಸುವುದು ಕಡ್ಡಾಯ. ಇಲ್ಲವಾದರೆ ನೀರಿನಲ್ಲಿ ನೆನೆದ ಒಣದ್ರಾಕ್ಷಿಯಂತೆ ಗೋಳ ಉಬ್ಬುತ್ತದೆ. ತಡೆಯಲು ಗೋಡೆಯಿಲ್ಲದ ಕಾರಣ ಒಡೆದೇ ಹೋಗುತ್ತದೆ. ಬಳಿಕ ಸೂಕ್ಷ್ಮ ಜಾಲರಿಯಲ್ಲಿ ಸೋಸಿ, ನಿಧಾನಗತಿಯ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಶುದ್ಧೀಕರಿಸಲಾಗುತ್ತದೆ. ಪೋಷಕ ಮಾಧ್ಯಮದಲ್ಲಿ ಕೋಶವು ಮತ್ತೆ ಗೋಡೆ ಕಟ್ಟಿಕೊಂಡು ವಿಭಜನೆಗೆ ತೊಡಗುತ್ತದೆ.

ಪಾಚಿಯಲ್ಲಿ ಏನು ಭಿನ್ನ?

'ಸಮುದ್ರದ ಲೆಟ್ಯೂಸ್' ಎನಿಸಿದ ಉಲ್ವಾ ಪಾಚಿಯ ಹಾಳೆ ಕೇವಲ ಎರಡು ಕೋಶಗಳಷ್ಟು ದಪ್ಪ. ಆದರೆ ಅದರ ಗೋಡೆಯಲ್ಲಿ ಸೆಲ್ಯುಲೋಸ್ ಜೊತೆಗೆ ಉಲ್ವಾನ್ ಎಂಬ ಗಂಧಕಯುಕ್ತ ಶರ್ಕರವೂ ಇದೆ. ಆದ್ದರಿಂದ ಪಾಚಿ ತಿನ್ನುವ ಸಮುದ್ರದ ಬಸವನಹುಳುಗಳ ಜೀರ್ಣರಸದ ಕಿಣ್ವಗಳನ್ನೂ ಸಂಶೋಧಕರು ಬಳಸಿದ್ದಾರೆ. ಹೊಗೆಸೊಪ್ಪಿಗೆ ಚಿಗುರು, ಬೇರು ಬರಿಸಲು ಹಾರ್ಮೋನುಗಳು ಬೇಕು. ಉಲ್ವಾದ ಪ್ರೋಟೋಪ್ಲಾಸ್ಟ್‌ಗಳು ಪೋಷಕಾಂಶ ಬೆರೆತ ಸಮುದ್ರದ ನೀರಿನಲ್ಲೇ ಹೊಸ ಹಾಳೆಗಳಾಗಬಲ್ಲವು. ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯಲ್ಲಿ ಈ ಬಗ್ಗೆ ಸಂಶೋಧನೆ ನಡೆದಿದೆ.

ಹಾಳೆಯ ಒಂದು ತುಣುಕಿನಿಂದ ಅಪಾರ ಸಂಖ್ಯೆಯ 'ಬೀಜ' ಸಿಗುವುದು ಜಲಕೃಷಿಗೆ ದೊಡ್ಡ ಅನುಕೂಲ. ಸಿಗಡಿ, ಮೀನು ಸಾಕಣೆಯ ತ್ಯಾಜ್ಯ ನೀರಿನ ಸಾರಜನಕವನ್ನು ಉಲ್ವಾ ಹೀರಿಕೊಳ್ಳುವುದರಿಂದ ನೀರಿನ ಶುದ್ಧೀಕರಣಕ್ಕೂ ಇದು ಉಪಯುಕ್ತ.

ರೈತರಿಗೇನು ಲಾಭ?

ಎರಡು ಪ್ರಭೇದಗಳ ಪ್ರೋಟೋಪ್ಲಾಸ್ಟ್‌ಗಳನ್ನು ಬೆಸೆದರೆ, ಪರಾಗಸ್ಪರ್ಶದಿಂದ ಸುಲಭವಾಗಿ ಕೂಡದ ಸಸ್ಯಗಳನ್ನೂ ಕೂಡಿಸಬಹುದು. 1972ರಲ್ಲಿ ಅಮೆರಿಕದ ಪೀಟರ್ ಕಾರ್ಲ್‌ಸನ್ ಮತ್ತು ಸಂಗಡಿಗರು ಹೊಗೆಸೊಪ್ಪಿನ ಎರಡು ಕಾಡು ಬಂಧುಗಳಲ್ಲಿ ಇದನ್ನು ಸಾಧಿಸಿದರು. ಸೊರಗು ರೋಗ ಮತ್ತು ಬೇರುಗಂಟು ಜಂತುಹುಳುವಿನಿಂದ ನಲುಗುವ ಈ ಭಾಗದ ರೈತರಿಗೆ, ಕಾಡು ಬಂಧುಗಳ ರೋಗನಿರೋಧಕ ಗುಣವನ್ನು ತಳಿಗೆ ತರುವ ದಾರಿಗಳಲ್ಲಿ ಇದೂ ಒಂದು.

ಆದರೆ ಮಿತಿಗಳೂ ಇವೆ. ಹಲವು ಬೆಳೆಗಳ ಪ್ರೋಟೋಪ್ಲಾಸ್ಟ್‌ಗಳು ಸುಲಭವಾಗಿ ಗಿಡವಾಗುವುದಿಲ್ಲ. ಗಿಡವಾದರೂ ಗುಣದಲ್ಲಿ ವ್ಯತ್ಯಾಸ ಕಾಣಬಹುದು. ಹೊಲಕ್ಕೆ ಬರುವ ಮುನ್ನ ವರ್ಷಗಳ ಪರೀಕ್ಷೆ ಅಗತ್ಯ. ಅಲ್ಲದೆ ಬೆಳೆಯ ಭವಿಷ್ಯವನ್ನು ಪ್ರಯೋಗಾಲಯವೊಂದೇ ನಿರ್ಧರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದೆ. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಕಲ್ಪಿಸಬೇಕೆಂದು ಅದರ 17ನೇ ವಿಧಿ ಹೇಳುತ್ತದೆ. ಹುಣಸೂರಿನಲ್ಲಿ ಸಂಶೋಧನಾ ಕೇಂದ್ರ ಹೊಂದಿರುವ, 1947ರಲ್ಲಿ ರಾಜಮಂಡ್ರಿಯಲ್ಲಿ ಆರಂಭವಾದ ತಂಬಾಕು ಸಂಶೋಧನಾ ಸಂಸ್ಥೆಯೂ ಈಗ ವಾಣಿಜ್ಯ ಕೃಷಿ ಸಂಶೋಧನಾ ಸಂಸ್ಥೆಯಾಗಿ ಹೆಸರು ಬದಲಿಸಿಕೊಂಡಿದೆ.

ಹೊಗೆಸೊಪ್ಪು ಕಲಿಸಿದ ವಿದ್ಯೆ ಕಡಲಿನ ಪಾಚಿಯನ್ನು ತಲುಪಿದೆ. ಅದೇ ವಿದ್ಯೆ ಪರ್ಯಾಯ ಬೆಳೆಗಳ ಉತ್ತಮ ತಳಿಯಾಗಿ ಈ ನಾಲ್ಕು ತಾಲ್ಲೂಕುಗಳ ಹೊಲಗಳಿಗೆ ಮರಳಿದರೆ ಬೆಳೆಗಾರರಿಗೆ ಅದರ ನಿಜವಾದ ಫಲ ದೊರೆತಂತಾಗುತ್ತದೆ.