ಅಂಗೈ ಹುಣ್ಣಿಗೆ ಕನ್ನಡಿ

"ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?" ಎಂಬುದು ನಮ್ಮಲ್ಲಿ ಮನೆಮಾತಾದ ಗಾದೆ. ಕಣ್ಣೆದುರಿಗೇ ಇರುವ ಸಂಗತಿಗೆ ಬೇರೆ ಸಾಕ್ಷಿಯನ್ನು ಹುಡುಕುವವರನ್ನು ಹಾಸ್ಯಮಾಡಲೆಂದು ಹುಟ್ಟಿದ ಮಾತು ಇದು. ಇದರ ಜೊತೆಗೆ ಇನ್ನೊಂದು ನುಡಿಗಟ್ಟೂ ಇದೆ: "ಕನ್ನಡಿಯೊಳಗಿನ ಗಂಟು". ಕಾಣುತ್ತದೆ, ಕೈಗೆ ಸಿಕ್ಕುವುದಿಲ್ಲ; ಆಸೆ ಹುಟ್ಟಿಸುತ್ತದೆ, ಫಲ ಕೊಡುವುದಿಲ್ಲ. ಕನ್ನಡಿ ಒಂದೋ ಅನಾವಶ್ಯಕ, ಇಲ್ಲವೇ ವಂಚಕ ಎಂಬ ತೀರ್ಮಾನ ಈ ಎರಡು ಮಾತುಗಳಲ್ಲಿ ಅಡಕವಾಗಿದೆ. ಆದರೆ ಕಳೆದ ಮೂವತ್ತು ವರ್ಷಗಳಿಂದೀಚೆಗೆ ಕೈಯ ನೋವಿಗೆ ಕನ್ನಡಿಯನ್ನೇ ಔಷಧವಾಗಿ ಕೊಡುವ ಪದ್ಧತಿಯೊಂದು ವೈದ್ಯಲೋಕದಲ್ಲಿ ರೂಢಿಗೆ ಬಂದಿದೆ. ನೋವಿರುವ ಕೈ ಮರೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ನೋವಿಲ್ಲದ ಕೈ ವ್ಯಾಯಾಮ ಮಾಡುತ್ತದೆ. ಉಪಶಮನ ದೊರೆಯುವುದು ಮಾತ್ರ ಮರೆಯಲ್ಲಿದ್ದ ಕೈಗೆ. ಇದು ಹೇಗೆ ಸಾಧ್ಯವೆಂಬುದೇ ಇಂದಿನ ವಿಚಾರ.

ಈ ಪದ್ಧತಿ ನನಗೆ ಪರಿಚಯವಾದದ್ದು ಪುಸ್ತಕದಿಂದಲ್ಲ, ನನ್ನ ಎಡಗೈಯಿಂದ. ಬಿದ್ದು ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರಿನಲ್ಲಿದ್ದ ಕೈ ಅದು. ಪ್ಲಾಸ್ಟರು ಬಿಚ್ಚಿದಾಗ ಮೂಳೆ ಚೆನ್ನಾಗಿ ಕೂಡಿಕೊಂಡಿದೆಯೆಂದು ಕ್ಷ-ಕಿರಣದ ಚಿತ್ರ ಹೇಳಿತು. ಕೈ ಮಾತ್ರ ಹಾಗೆ ಹೇಳಲಿಲ್ಲ. ಅದು ಊದಿಕೊಂಡು, ಬಣ್ಣಗೆಟ್ಟು, ಹಗಲಿರುಳೂ ಉರಿಯತೊಡಗಿತು. ಪಂಚೆಯ ಅಂಚು ಸೋಕಿದರೆ ಕೆಂಡ ತಾಗಿದಂತಾಗುತ್ತಿತ್ತು. ಬೆರಳುಗಳು ನನ್ನವೇ ಅಲ್ಲವೇನೋ ಎಂಬಂತೆ ಮಡಿಸಲು ಒಪ್ಪುತ್ತಿರಲಿಲ್ಲ. ಸಂಕೀರ್ಣ ಪ್ರಾದೇಶಿಕ ನೋವಿನ ಲಕ್ಷಣಕೂಟವೆಂದು ವೈದ್ಯರು ಇದನ್ನು ಹೆಸರಿಸಿ, ಭೌತಚಿಕಿತ್ಸೆಗೆ ಕಳುಹಿಸಿದರು.

ಭೌತಚಿಕಿತ್ಸೆ ಎಂದರೆ ಮೇಣದ ಶಾಖ, ವಿದ್ಯುತ್ತಿನ ಉಪಚಾರ, ಬೆರಳಿಗೆ ರಬ್ಬರಿನ ಚೆಂಡು ಎಂದು ಎಣಿಸಿಕೊಂಡು ಹೋದವನಿಗೆ ಅಲ್ಲಿ ಕಂಡದ್ದೇ ಬೇರೆ. ಚಿಕಿತ್ಸಕಿ ಇನ್ನೂ ಎಳೆಯ ವಯಸ್ಸಿನವರು. ನನ್ನ ಕೈಯನ್ನು ಅವರು ಮುಟ್ಟಲೇ ಇಲ್ಲ. ಮೇಜಿನ ಮೇಲೆ ಇಸ್ಪೀಟು ಎಲೆಗಳಂತೆ ಒಂದೊಂದಾಗಿ ಚಿತ್ರಗಳನ್ನು ಇಡುತ್ತಾ ಹೋದರು. ಎಲ್ಲವೂ ಕೈಗಳ ಚಿತ್ರಗಳೇ: ಮೇಲುಮುಖವಾದದ್ದು, ತಲೆಕೆಳಗಾದದ್ದು, ತಿರುಚಿಕೊಂಡದ್ದು. "ಇದು ಎಡಗೈಯೋ ಬಲಗೈಯೋ, ಬೇಗ ಹೇಳಿ ಸರ್" ಎಂದರು.

"ಅಲ್ಲಮ್ಮಾ, ನೋವಿರುವುದು ಮಣಿಕಟ್ಟಿನಲ್ಲಿ. ನೀವು ಪರೀಕ್ಷೆ ಮಾಡುತ್ತಿರುವುದು ಕಣ್ಣನ್ನಲ್ಲವೆ?" ಎಂದು ಕೇಳಿದೆ.

"ಕಣ್ಣನ್ನೂ ಅಲ್ಲ ಸರ್. ನಿಮ್ಮ ಕೈ ವಿಷಯ ನಿಮ್ಮ ಮೆದುಳು ಏನು ತಿಳಿದುಕೊಂಡಿದೆ ಅಂತ ನೋಡುತ್ತಿದ್ದೇನೆ" ಎಂದರು.

ಬಲಗೈಯ ಚಿತ್ರಗಳನ್ನು ನಾನು ಥಟ್ಟನೆ ಗುರುತಿಸುತ್ತಿದ್ದೆ. ಎಡಗೈಯ ಚಿತ್ರ ಬಂದಾಗ ತಡವರಿಸುತ್ತಿದ್ದೆ. ಎರಡು ವಾರ ಇದೇ ಆಯಿತು. ಮುಂದಿನ ಎರಡು ವಾರ, ಕಣ್ಣು ಮುಚ್ಚಿ ಕೈ ಆಡಿಸಿದಂತೆ ಕಲ್ಪಿಸಿಕೊಳ್ಳುವ ಕೆಲಸ, ನಿಜವಾಗಿ ಆಡಿಸಕೂಡದು. ಐದನೆಯ ವಾರ ಕನ್ನಡಿ ಬಂದಿತು. ಎದೆಯ ನೇರಕ್ಕೆ ನಿಲ್ಲಿಸಿದ ಆ ಕನ್ನಡಿಯ ಹಿಂದೆ ಎಡಗೈ, ಮುಂದೆ ಬಲಗೈ. ಬಲಗೈಯನ್ನು ಮೆಲ್ಲನೆ ಮುಚ್ಚಿ ತೆರೆಯುತ್ತಾ ಅದರ ಪ್ರತಿಬಿಂಬವನ್ನೇ ನೋಡುತ್ತಿರಬೇಕೆಂದು ಅಪ್ಪಣೆಯಾಯಿತು. ಬಲಗೈಯ ಪ್ರತಿಬಿಂಬವೆಂದರೆ ನೋಡುವವನ ಪಾಲಿಗೆ ಎಡಗೈಯೇ ತಾನೆ? ಊತವಿಲ್ಲದ, ಉರಿಯಿಲ್ಲದ ನನ್ನ ಎಡಗೈ ಅಲ್ಲಿ ಸಲೀಸಾಗಿ ಆಡುತ್ತಿತ್ತು. ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕನ್ನಡಿಯ ಹಿಂದೆ, ತಿಂಗಳುಗಟ್ಟಲೆ ಬಿಗಿದುಕೊಂಡಿದ್ದುದೇನೋ ಸಡಿಲವಾದಂತೆ ಅನ್ನಿಸಿದ್ದು ನಿಜ.

ಈ ವಿಚಿತ್ರದ ಹಿಂದೆ ಒಂದು ಇತಿಹಾಸವಿದೆ. ಕತ್ತರಿಸಿಹೋದ ಕೈಕಾಲುಗಳಲ್ಲಿ ನೋವು ಉಳಿಯುವುದನ್ನು ಹದಿನಾರನೆಯ ಶತಮಾನದ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಬರೆದಿಟ್ಟಿದ್ದಾನೆ. ಅಮೆರಿಕದ ಅಂತರ್ಯುದ್ಧದಲ್ಲಿ (೧೮೬೧-೬೫) ಗಾಯಗೊಂಡವರಿಗೆ ಚಿಕಿತ್ಸೆ ಮಾಡಿದ ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯ ಎರಡು ಬಗೆಯ ನೋವುಗಳನ್ನು ಗಮನಿಸಿದ. ಒಂದು, ನರಕ್ಕೆ ಗುಂಡೇಟು ಬಿದ್ದವರ ಕೈಕಾಲುಗಳಲ್ಲಿ ಕಾಣುವ ತಾಳಲಾರದ ಉರಿ. ೧೮೬೪ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪುಸ್ತಕದಲ್ಲಿ ಅದರ ವರ್ಣನೆಯಿದೆ. ಇಂದು ನನ್ನಂಥವರ ಕೈಗೆ ಅಂಟಿರುವ ಉದ್ದ ಹೆಸರಿನ ಬೇನೆಯ ಹಿರಿಯಣ್ಣ ಅದು. ಇನ್ನೊಂದು, ಇಲ್ಲದ ಅಂಗದ ಇರುವಿಕೆ. ಇದನ್ನು ಕುರಿತು ಮಿಚೆಲ್ ಮೊದಲು ಬರೆದದ್ದು ಶಾಸ್ತ್ರಲೇಖನವನ್ನಲ್ಲ, ಕಥೆಯನ್ನು. ಕೈಕಾಲುಗಳನ್ನೆಲ್ಲ ಕಳೆದುಕೊಂಡ ಸೈನಿಕನೊಬ್ಬನ ಆ ಕಥೆ ೧೮೬೬ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ವಿಜ್ಞಾನ ಹೇಳಲು ಹಿಂಜರಿಯುವ ಸತ್ಯ ಮೊದಲು ಸಾಹಿತ್ಯದ ಬಾಗಿಲು ತಟ್ಟುತ್ತದೆ ಎನ್ನುವುದಕ್ಕೆ ಇದೊಂದು ನಿದರ್ಶನ. ೧೮೭೧ರಲ್ಲಿ ಮಿಚೆಲ್ ಈ ಅನುಭವಕ್ಕೆ ಹೆಸರು ಕೊಟ್ಟ. ನಾವು ಅದನ್ನು ಮಾಯಾಂಗ ಎನ್ನಬಹುದು.

ಮಾಯಾಂಗವುಳ್ಳ ಕೆಲವರ ಸಂಕಟ ವಿಲಕ್ಷಣವಾದದ್ದು. ಇಲ್ಲದ ಕೈ ಮುಷ್ಟಿ ಕಟ್ಟಿಕೊಂಡಿರುತ್ತದೆ. ಇಲ್ಲದ ಉಗುರುಗಳು ಇಲ್ಲದ ಅಂಗೈಯನ್ನು ಚುಚ್ಚುತ್ತವೆ. ಇರುವ ಮುಷ್ಟಿಯನ್ನು ಬಿಚ್ಚಬಹುದು. ಇಲ್ಲದ ಮುಷ್ಟಿಯನ್ನು ಬಿಚ್ಚುವುದು ಹೇಗೆ? ತಮಿಳುನಾಡಿನಲ್ಲಿ ೧೯೫೧ರಲ್ಲಿ ಹುಟ್ಟಿ, ಮದರಾಸಿನ ಸ್ಟಾನ್ಲಿ ವೈದ್ಯ ಕಾಲೇಜಿನಲ್ಲಿ ಕಲಿತು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಪ್ರಾಧ್ಯಾಪಕರಾದ ವಿ. ಎಸ್. ರಾಮಚಂದ್ರನ್ ಈ ಪ್ರಶ್ನೆಗೆ ಒಂದು ರಟ್ಟಿನ ಪೆಟ್ಟಿಗೆ ಮತ್ತು ಒಂದು ಕನ್ನಡಿಯಿಂದ ಉತ್ತರ ಹುಡುಕಿದರು. ಪೆಟ್ಟಿಗೆಯ ನಡುವೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ಉಳಿದ ಕೈಯ ಪ್ರತಿಬಿಂಬ ಕಳೆದ ಕೈ ಇರಬೇಕಾದ ಸ್ಥಳದಲ್ಲಿ ಕಾಣುವಂತೆ ಮಾಡಿದರು. ೧೯೯೬ರಲ್ಲಿ ಅವರೂ ಡಯೇನ್ ರೋಜರ್ಸ್-ರಾಮಚಂದ್ರನ್ ಅವರೂ ಪ್ರಕಟಿಸಿದ ವರದಿಯ ಪ್ರಕಾರ, ಹತ್ತು ಮಂದಿಯಲ್ಲಿ ಆರು ಮಂದಿಗೆ ಕನ್ನಡಿಯ ಕೈ ಆಡಿದಾಗ ಮಾಯಾಂಗವೂ ಆಡಿದಂತಾಯಿತು. ಮುಷ್ಟಿ ಬಿಗಿಯುವ ನೋವಿದ್ದ ಐವರಲ್ಲಿ ನಾಲ್ವರಿಗೆ ಆ ಮುಷ್ಟಿ ಬಿಚ್ಚಿತು.

ಇದರ ಒಳಮರ್ಮವೇನು? ನಾವು ಕೈ ಆಡಿಸುವಾಗ ಮೆದುಳು ಆಜ್ಞೆ ಕಳುಹಿಸಿ ಸುಮ್ಮನಿರುವುದಿಲ್ಲ. ಆಜ್ಞೆ ನಡೆಯಿತೆ ಎಂಬ ವರದಿಯನ್ನು ಚರ್ಮದಿಂದ, ಕೀಲುಗಳಿಂದ, ಕಣ್ಣಿನಿಂದ ತರಿಸಿಕೊಳ್ಳುತ್ತದೆ. ವರದಿ ಬಾರದಿದ್ದರೆ ಅಥವಾ ಪ್ರತಿ ಸಲವೂ ಅಪಾಯದ ವರದಿಯೇ ಬಂದರೆ, ಅದು ಆ ಅಂಗವನ್ನು ಬಿಗಿಹಿಡಿದು ಕಾವಲು ಕಾಯಲು ತೊಡಗುತ್ತದೆ. ನೋವು ಗಾಯದ ಅಳತೆಗೋಲಲ್ಲ. ರಕ್ಷಣೆಗಾಗಿ ಮೆದುಳು ಕೊಡುವ ತೀರ್ಪು. ಗಾಯ ಮಾಗಿದ ಮೇಲೂ ಕಾವಲುಗಾರ ಮನೆಗೆ ಹೋಗದೆ ಕೂಗುತ್ತಲೇ ಇದ್ದರೆ, ಆ ಕೂಗೇ ಒಂದು ರೋಗವಾಗುತ್ತದೆ. ನನ್ನಂಥವರ ಕೈಯಲ್ಲಿ ಉರಿಯೂತ, ರಕ್ತಸಂಚಾರದ ವ್ಯತ್ಯಾಸಗಳೂ ಸೇರಿಕೊಂಡಿರುತ್ತವೆ. ಆದರೂ ಆ ಕಾವಲುಗಾರನ ಪಾತ್ರ ದೊಡ್ಡದು. ಕನ್ನಡಿ ಅವನಿಗೆ ತೋರಿಸುವ ದೃಶ್ಯ ಒಂದೇ: ನೋಡು, ಕೈ ಆಡುತ್ತಿದೆ, ಅನಾಹುತವೇನೂ ಆಗಿಲ್ಲ.

ದೇಹದ ವಿಷಯದಲ್ಲಿ ಮೆದುಳು ಕಣ್ಣಿನ ಮಾತನ್ನು ಎಷ್ಟು ನಂಬುತ್ತದೆಂಬುದನ್ನು ೧೯೯೮ರಲ್ಲಿ ಬಾಟ್ವಿನಿಕ್ ಮತ್ತು ಕೊಹೆನ್ ಎಂಬ ವಿಜ್ಞಾನಿಗಳು ರಬ್ಬರಿನ ಕೈಯೊಂದರಿಂದ ತೋರಿಸಿದರು. ಸ್ವಂತ ಕೈಯನ್ನು ಮರೆಮಾಡಿ, ರಬ್ಬರಿನ ಕೈಯನ್ನು ಎದುರಿಗಿಟ್ಟು, ಎರಡನ್ನೂ ಒಂದೇ ಲಯದಲ್ಲಿ ಕುಂಚದಿಂದ ಸವರಿದರೆ, ಸ್ವಲ್ಪ ಹೊತ್ತಿನಲ್ಲಿ ಆ ರಬ್ಬರಿನ ಕೈಯೇ ತನ್ನದೆಂದು ಎಷ್ಟೋ ಜನಕ್ಕೆ ಅನ್ನಿಸುತ್ತದೆ.

ಹಾಗೆಂದು ಕನ್ನಡಿ ಸಂಜೀವಿನಿಯಲ್ಲ. ೨೦೦೩ರಲ್ಲಿ ಇಂಗ್ಲೆಂಡಿನಲ್ಲಿ ನನ್ನ ಬೇನೆಯೇ ಇದ್ದ ಎಂಟು ಮಂದಿಯ ಮೇಲೆ ಮೆಕೇಬ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ರೋಗ ಹೊಸದಾಗಿದ್ದವರಿಗೆ ಕನ್ನಡಿಯಿಂದ ಉಪಶಮನವಾಯಿತು. ವರ್ಷಗಟ್ಟಲೆ ನರಳಿದವರಿಗೆ ಆಗಲಿಲ್ಲ. ಹಳೆಯ ನೋವಿನವರನ್ನು ಒಮ್ಮೆಗೇ ಕನ್ನಡಿಯ ಮುಂದೆ ಕೂರಿಸದೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯಬೇಕೆಂದು ಆಸ್ಟ್ರೇಲಿಯಾದ ಲೊರಿಮರ್ ಮೋಸ್ಲಿ ಯೋಚಿಸಿದರು. ಮೊದಲು ಎಡಬಲಗಳ ಗುರುತು, ಆಮೇಲೆ ಕಲ್ಪನೆ, ಕೊನೆಗೆ ಕನ್ನಡಿ; ಒಂದೊಂದಕ್ಕೂ ಎರಡು ವಾರ. ೨೦೦೪ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇದ್ದವರು ಹದಿಮೂರು ಮಂದಿ, ಎಲ್ಲರೂ ಮಣಿಕಟ್ಟು ಮುರಿದು ಬೇನೆಗೆ ಬಿದ್ದವರು. ನನ್ನ ಮುಂದೆ ಹರಡಿದ ಚಿತ್ರಗಳ ಮೂಲ ಇದೇ. ೨೦೦೭ರಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಯೊಂದರಲ್ಲಿ, ಕಾಲು ಕಳೆದುಕೊಂಡ ಹದಿನೆಂಟು ಮಂದಿ ಮೂರು ಗುಂಪುಗಳಲ್ಲಿ ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ವಾರ ಅಭ್ಯಾಸ ಮಾಡಿದರು. ಕನ್ನಡಿ ನೋಡಿದ ಆರು ಮಂದಿಗೂ ನೋವು ತಗ್ಗಿತು. ಬಟ್ಟೆ ಮುಚ್ಚಿದ ಕನ್ನಡಿಯ ಮುಂದೆ ಕುಳಿತ ಆರರಲ್ಲಿ ಒಬ್ಬರಿಗೆ, ಬರಿಯ ಕಲ್ಪನೆ ಮಾಡಿದ ಆರರಲ್ಲಿ ಇಬ್ಬರಿಗೆ ಮಾತ್ರ ತಗ್ಗಿತು. ಪಾರ್ಶ್ವವಾಯು ಬಡಿದವರಿಗೂ ಈ ಉಪಾಯವನ್ನು ಮಾಡಿನೋಡಿದ್ದಾರೆ. ೨೦೧೮ರಲ್ಲಿ ೬೨ ಪ್ರಯೋಗಗಳನ್ನೂ ಅವುಗಳಲ್ಲಿದ್ದ ೧೯೮೨ ಮಂದಿಯ ಫಲಿತಾಂಶಗಳನ್ನೂ ಒಟ್ಟಿಗೆ ತೂಗಿನೋಡಿದ ವಿಮರ್ಶೆಯೊಂದು, ಕೈಕಾಲುಗಳ ಚಲನೆ ಸುಧಾರಿಸುತ್ತದೆಂಬ ನಿರ್ಣಯಕ್ಕೆ ಬಂದಿತು. ಕೆಲವರಿಗೆ ಕನ್ನಡಿ ನೋಡಿದೊಡನೆ ತಲೆ ಸುತ್ತುವುದು, ನೋವು ಹೆಚ್ಚುವುದು ಉಂಟು. ಬಲ್ಲವರ ಕಣ್ಗಾವಲಿನಲ್ಲಿ ಮಾಡಬೇಕಾದ ಕೆಲಸ ಇದು.

ಇದರ ಹಿಂದಿನ ಸಿದ್ಧಾಂತವೂ ಅಲುಗಾಡದೆ ನಿಂತಿಲ್ಲ. ಕೈ ಹೋದ ಮೇಲೆ ಮೆದುಳಿನಲ್ಲಿ ಕೈಗೆ ಮೀಸಲಾದ ಜಾಗವನ್ನು ನೆರೆಯ ಅಂಗಗಳು ಒತ್ತುವರಿ ಮಾಡಿಕೊಳ್ಳುತ್ತವೆ, ನೋವು ಹುಟ್ಟುವುದು ಅದರಿಂದಲೇ ಎಂಬುದು ಬಹುಕಾಲ ನಡೆದ ವಾದ. ೨೦೧೩ರಲ್ಲಿ ಟಮಾರ್ ಮೇಕಿನ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಮುಂದಿಟ್ಟರು: ಮಾಯಾಂಗದ ನೋವು ಹೆಚ್ಚಾಗಿದ್ದವರಲ್ಲಿ ಕೈಯ ಜಾಗ ಇನ್ನೂ ಕೈಯದಾಗಿಯೇ ಉಳಿದಿತ್ತು. ಚಿಕಿತ್ಸೆ ಮುಂದೆ ನಡೆದು ವಿವರಣೆ ಹಿಂದೆ ಉಳಿಯುವುದು ವೈದ್ಯದಲ್ಲಿ ಹೊಸದೇನಲ್ಲ. ಕಾವ್ಯವೂ ಮೊದಲು ಹುಟ್ಟಿ ಮೀಮಾಂಸೆ ಆಮೇಲೆ ಬಂದಿತಷ್ಟೆ.

ಮೀಮಾಂಸೆಯ ಮಾತು ಬಂದದ್ದರಿಂದ ಒಂದು ವಿಷಯವನ್ನು ಹೇಳಬೇಕು. ವೇದಾಂತಿಗಳ ಹಗ್ಗದ ಹಾವು, ದೀಪ ತಂದೊಡನೆ ಮಾಯವಾಗುತ್ತದೆ. ಕನ್ನಡಿಯ ಕೈ ಹಾಗಲ್ಲ; ಅದು ಸುಳ್ಳೆಂದು ಬೆಳಕಿನಲ್ಲಿ ತಿಳಿದಿದ್ದರೂ ತನ್ನ ಕೆಲಸ ಮಾಡುತ್ತದೆ. ಇಂಥ ಅರಿವಿನ ಸ್ವರೂಪವನ್ನು ನಮ್ಮ ಆಲಂಕಾರಿಕ ಶ್ರೀಶಂಕುಕ ರಸವಿಚಾರದಲ್ಲಿ ಎತ್ತಿಕೊಂಡಿದ್ದಾನೆ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ನಾವು "ಕುದುರೆ" ಎನ್ನುತ್ತೇವೆ. ಅದು ನಿಜವಾದ ಜ್ಞಾನವೂ ಅಲ್ಲ, ತಪ್ಪು ಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ಆ ನಾಲ್ಕಕ್ಕೂ ಬೇರೆಯಾದುದೊಂದು. ನಟನಲ್ಲಿ ರಾಮನನ್ನು ಕಾಣುವುದೂ ಹೀಗೆಯೇ ಎಂದು ಅವನ ವಾದ. ಮುಂದಿನವರು ಅವನ ರಸಸಿದ್ಧಾಂತವನ್ನು ಖಂಡಿಸಿದರು, ನಿಜ. ಆದರೆ ಚಿತ್ರತುರಗನ್ಯಾಯ ಎಂಬ ಆ ಹೋಲಿಕೆಯನ್ನು ತರಗತಿಯಲ್ಲಿ ವರ್ಷ ವರ್ಷವೂ ವಿವರಿಸುತ್ತಿದ್ದಾಗ, ಅದು ಮಣಿಕಟ್ಟಿನ ಚಿಕಿತ್ಸೆಗೂ ಅನ್ವಯಿಸೀತೆಂಬ ಯೋಚನೆ ಯಾರಿಗೆ ತಾನೆ ಬಂದೀತು? ನಾಟಕ ಸುಳ್ಳೆಂದು ಬಲ್ಲ ಪ್ರೇಕ್ಷಕನ ಕಣ್ಣೀರು ನಿಜ. ಹಾಗೆಯೇ ಪ್ರತಿಬಿಂಬ ಸುಳ್ಳೆಂದು ಬಲ್ಲ ರೋಗಿಯ ಉಪಶಮನವೂ ನಿಜ.

ನನ್ನ ಕೈ ಪೂರ್ತಿ ಗುಣವಾಗಿಲ್ಲ. ಆರು ತಿಂಗಳ ಅಭ್ಯಾಸದ ಮೇಲೆ ಕಾಫಿಯ ಲೋಟವನ್ನು ಹಿಡಿಯುತ್ತದೆ, ಅಂಗಿಯ ಗುಂಡಿ ಹಾಕುತ್ತದೆ. ಚಳಿ ಬಿದ್ದರೆ ಮುನಿಸಿಕೊಳ್ಳುತ್ತದೆ. ಈ ಲಾಭಕ್ಕಿಂತ ಮುಖ್ಯವಾಗಿ ತೋರುವ ಮಾತು ಇನ್ನೊಂದಿದೆ. ಮೂಳೆ ಕೂಡಿದ ಮೇಲೂ ನೋವು ಎನ್ನುವವರನ್ನು ಮನೆಯವರು ಅನುಮಾನದಿಂದ ನೋಡುತ್ತಾರೆ. ಕೆಲಸ ತಪ್ಪಿಸಿಕೊಳ್ಳುವ ನೆಪ, ಮನಸ್ಸಿನ ಭ್ರಮೆ ಎಂಬ ಮಾತುಗಳು ಬಹುಬೇಗ ಹೊರಡುತ್ತವೆ. ಕಾಲು ಕತ್ತರಿಸಿಕೊಂಡವನು ಹೆಬ್ಬೆರಳು ಉರಿಯುತ್ತದೆಂದರೆ ನಗುವವರೂ ಇದ್ದಾರೆ. ನಗೆಗೆ ಅಂಜಿ ಎಷ್ಟೋ ಜನ ವೈದ್ಯರಿಗೂ ಹೇಳದೆ ನೋವನ್ನು ನುಂಗಿಕೊಳ್ಳುತ್ತಾರೆ. ಬೇಗ ಕೊಟ್ಟಷ್ಟೂ ಫಲಿಸುವ ಚಿಕಿತ್ಸೆಯ ಕಾಲ ಹಾಗೆಯೇ ಮೀರಿಹೋಗುತ್ತದೆ. ನೋವಿನಲ್ಲಿ ಮೆದುಳಿನ ಪಾತ್ರವಿದೆ ಎಂದರೆ ನೋವು ಸುಳ್ಳೆಂದು ಅರ್ಥವಲ್ಲ; ಎಲ್ಲ ನೋವೂ ಅಲ್ಲಿಯೇ ನೋವಾಗುವುದು. ಒಂದು ಕನ್ನಡಿಗೆ, ಒಂದು ರಟ್ಟಿನ ಪೆಟ್ಟಿಗೆಗೆ ಹೆಚ್ಚು ಹಣ ಬೇಕಿಲ್ಲ. ನೋವೆಂದು ಹೇಳುವವನ ಮಾತನ್ನು ಮೊದಲು ನಂಬುವುದಕ್ಕೆ ಅಷ್ಟೂ ಬೇಕಿಲ್ಲ.