ಅಪ್ಪನ ಪ್ರಶ್ನೆಗೆ ಉತ್ತರವಿರಲಿಲ್ಲ

ನಾನು ಬಿಇ ಮೆಕ್ಯಾನಿಕಲ್ ಮೂರನೇ ವರ್ಷದ ವಿದ್ಯಾರ್ಥಿ. ಕಳೆದ ವರ್ಷ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಹುಚ್ಚು ಹಿಡಿದು, ‘ಬಿಇ ಬಿಟ್ಟು ಬಿ.ಕಾಂ. ಸೇರ್ತೀನಿ’ ಎಂದುಬಿಟ್ಟೆ. ಅವ್ವ ಅವತ್ತು ಊಟ ಮಾಡಲಿಲ್ಲ. ರಾಣೆಬೆನ್ನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಅಪ್ಪ ಕೇಳಿದ್ದು ಒಂದೇ: ‘ಆ ಬ್ಯಾಂಕಿನಾಗ ಏನ್ ಕೆಲಸ ಮಾಡ್ತಾರ, ಹೇಳು ತಮ್ಮಾ?’

ಸಂಬಳ ಭಾಳ ಅನ್ನೋದು ಬಿಟ್ಟು ನನಗೇನೂ ಗೊತ್ತಿರಲಿಲ್ಲ.

ನಾಚಿಕೆಯಾಗಿ ಓದಲು ಕುಳಿತೆ. ಇದು ಠೇವಣಿ ಇಡುವ ಬ್ಯಾಂಕ್ ಅಲ್ಲ. ಕಂಪನಿಗಳಿಗೆ ಷೇರು, ಬಾಂಡ್ ಮೂಲಕ ಬಂಡವಾಳ ಎತ್ತಿಕೊಡುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟುವುದು ಇದರ ಕಸುಬು. 1993ರಲ್ಲಿ ಇನ್ಫೊಸಿಸ್ ಷೇರನ್ನು 95 ರೂಪಾಯಿಗೆ ಬಿಟ್ಟಾಗ ಜನ ಪೂರ್ತಿ ಕೊಳ್ಳಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಶೇ 13ರಷ್ಟು ಪಾಲು ಕೊಂಡಿತು. ಬೆಲೆ ಕಟ್ಟಿ, ಕೊಳ್ಳುವವರನ್ನು ಹುಡುಕುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಈ ಕೆಲಸಕ್ಕೆ ಇಂಥದ್ದೇ ಪದವಿ ಬೇಕೆಂಬ ನಿಯಮವಿಲ್ಲ. ಎಂಬಿಎಗಾಗಿ ಕ್ಯಾಟ್ ಬರೆಯಲು ಯಾವ ಪದವಿಯಾದರೂ ನಡೆಯುತ್ತದೆ. ಮೂರು ಹಂತದ ಸಿಎಫ್‌ಎ ಪರೀಕ್ಷೆಯನ್ನು ಬಿಇಯವರೂ ಬರೆಯಬಹುದು. ಬಿಇಯಲ್ಲಿ ಶೇ 60 ಅಂಕವಿದ್ದರೆ ಫೌಂಡೇಶನ್ ಇಲ್ಲದೆಯೇ ಸಿಎ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆದರೆ ಒಂದು ಎಚ್ಚರಿಕೆ: ಬೆಂಗಳೂರಿನ ದೊಡ್ಡ ವಿದೇಶಿ ಬ್ಯಾಂಕುಗಳು ಎಂಜಿನಿಯರುಗಳನ್ನು ಹೆಚ್ಚಾಗಿ ತೆಗೆದುಕೊಳ್ಳುವುದು ಸಾಫ್ಟ್‌ವೇರ್, ರಿಸ್ಕ್ ವಿಭಾಗಗಳಿಗೆ. ವ್ಯವಹಾರ ಕುದುರಿಸುವ ಹುದ್ದೆಗಳು ಬಹುಪಾಲು ಮುಂಬೈಯಲ್ಲಿವೆ. ಅಲ್ಲಿಗೆ ಪದವಿಯ ಹೆಸರಿಗಿಂತ ಯಾವ ಕ್ಯಾಂಪಸ್ ಎಂಬುದು ಮುಖ್ಯವಾಗುತ್ತದೆ.

ನನಗಿದ್ದ ಕೊರತೆ ಲೆಕ್ಕಪತ್ರದ್ದು. ಸೆಬಿ ಜಾಲತಾಣದಲ್ಲಿ ಕಂಪನಿಗಳ ಐಪಿಒ ದಾಖಲೆಗಳು ಉಚಿತವಾಗಿ ಸಿಗುತ್ತವೆ. ಒಂದನ್ನು ತೆರೆದೆ. ಲಾಭ ತೋರಿಸುವ ಕಂಪನಿಯ ಕೈಯಲ್ಲಿ ಹಣವೇ ಇಲ್ಲ! ಹೇಗೆ ಸಾಧ್ಯ ಎಂದು ಅಪ್ಪನನ್ನು ಕೇಳಿದೆ. ಅವರು ಉದ್ರಿ ಪುಸ್ತಕ ಮುಂದೆ ಇಟ್ಟರು. ‘ಲಾಭ ಬ್ಯಾರೆ, ಗಲ್ಲಾದಾಗಿನ ರೊಕ್ಕ ಬ್ಯಾರೆ. ಮಾಲು ಮಾರೀನಿ, ರೊಕ್ಕ ಇನ್ನೂ ಬಂದಿಲ್ಲ.’ ಕ್ಯಾಶ್ ಫ್ಲೋ ಪಾಠ ಅಲ್ಲೇ ಮುಗಿಯಿತು.

ಬಿಇ ಬಿಡಲಿಲ್ಲ. ದಿನಕ್ಕೊಂದು ತಾಸು ಅಕೌಂಟ್ಸ್ ಕಲಿಯುತ್ತಿದ್ದೇನೆ, ಮುಂದಿನ ವರ್ಷ ಕ್ಯಾಟ್ ಬರೆಯುತ್ತೇನೆ. ಸೀಟು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಕೋರ್ಸ್ ಬದಲಿಸಲು ಹೊರಟಿರುವ ಗೆಳೆಯರೇ, ಮೊದಲು ಆ ಕೆಲಸ ಏನೆಂದು ಮನೆಯವರಿಗೆ ತಿಳಿಯುವಂತೆ ಹೇಳಿ ನೋಡಿ. ನಾನೀಗ ಅಪ್ಪನಿಗೆ ಹೇಳಬಲ್ಲೆ.